ತಲೆಯ ಮೇಲೆ ಕಲ್ಲಿರುವ ನೀರು

ಹುಮನಾಬಾದಿನಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು ಹೊಟ್ಟೆಪಾಡು. ಬಾವಿಗಿಳಿದು ಫುಟ್‌ವಾಲು ಬಿಡಿಸುವುದು, ಕಳಚಿಬಿದ್ದ ಪೈಪು ಎತ್ತುವುದು ಅದರ ಬಾಲ. ಮೋಟಾರು ಹೊತ್ತು ತಂದ ರೈತರು "ಹಂಗೇ ಬಂದು ಒಂದು ಮುಣಗು ಹಾಕಿ ನೋಡ್ರಲ್ಲ" ಅನ್ನುತ್ತಾರೆ, ಹೋಗುತ್ತೇನೆ. ಬೇಸಿಗೆ ರಜೆಯಲ್ಲಿ ಓಣಿಯ ಹುಡುಗರ ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿ ಈಸು ಕಲಿಸುತ್ತೇನೆ.

2018ರ ಜುಲೈನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ 12 ಹುಡುಗರೂ ಅವರ ಕೋಚೂ ಸಿಕ್ಕಿಕೊಂಡಿದ್ದಾಗ ನನ್ನ ಅಂಗಡಿಯಲ್ಲಿ ಕೆಲಸವೇ ನಡೆಯಲಿಲ್ಲ. ಹುಡುಗರೆಲ್ಲ ಒಂದೇ ಮೊಬೈಲಿನ ಸುತ್ತ. ಅವರಲ್ಲೊಬ್ಬ ತಲೆಯೆತ್ತಿ ಕೇಳಿದ: "ಕಾಕಾ, ಕಲ್ಯಾಣದ ಕಡೆ ಬಾವ್ಯಾಗ ನೀರಿನ ಒಳಗ ಕೋಣಿ ಅದಾವಲ್ರಿ. ನಮಗೂ ಗುಹೆ ಡೈವಿಂಗ್ ಕಲಸ್ರಿ."

ನಕ್ಕುಬಿಟ್ಟೆ. ಬಸವಕಲ್ಯಾಣದ ಗವಿಗಳೆಲ್ಲ ಒಣಗವಿ, ಶರಣರು ಕುಳಿತೆದ್ದ ಜಾಗ. ಆದರೆ ರಾತ್ರಿ ಮಲಗಿದಾಗ ನಗು ಹೋಯಿತು. ತಲೆಯ ಮೇಲೆ ಕಲ್ಲಿರುವ ನೀರು ನಮ್ಮಲ್ಲೂ ಇದೆ. ಒಳ್ಳೆ ಮಳೆಗೆ ಮುಳುಗುವ ಮೆಟ್ಟಿಲುಬಾವಿಯ ಕಮಾನುಗಳು, ಬೀದರಿನ ಕಾರೇಜು ಸುರಂಗ, ಎದೆಮಟ್ಟದ ನೀರಲ್ಲಿ ನಡೆದುಹೋಗುವ ಝರಣಿ ನರಸಿಂಹನ ಗುಹೆ. ಹುಡುಗರು ನನ್ನನ್ನು ಕೇಳದೆಯೂ ಅಲ್ಲಿಗೆ ಹೋಗುತ್ತಾರೆ. ನಾನೂ ಯಾರನ್ನೂ ಕೇಳದೆ ಹೋದವನೇ.

ಆಮೇಲೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸಿಲಿಂಡರು ಹೊತ್ತು ಮುಳುಗುವ ಮೊದಲ ಹಂತದ ಕಾರ್ಡು ಪಡೆದೆ. ಆ ಕಾರ್ಡಿನ ಮಿತಿ 18 ಮೀಟರ್ ಆಳ. ನೆತ್ತಿಯ ಮೇಲೆ ಬಯಲು ನೀರಿರಬೇಕು, ಚಾವಣಿ ಇರಬಾರದು. ಅಂದರೆ ಗುಹೆಯ ಬಾಬತ್ತಿನಲ್ಲಿ ನಾನಿನ್ನೂ ಒಂದನೇ ಇಯತ್ತೆಯ ಬಾಗಿಲ ಹೊರಗೇ ನಿಂತವನು. ಕೆಳಗಿನದನ್ನು ತಪ್ಪು ಮಾಡಿದವನ ಖಾತೆ ಪುಸ್ತಕ ಅಂದುಕೊಂಡು ಓದಿ.

1. ಈಸು ಚೆನ್ನಾಗಿ ಬಂದವನೇ ಮೊದಲು ಸಿಕ್ಕಿಬೀಳುತ್ತಾನೆ

ನನಗಾಗ 19. ಬಸವಕಲ್ಯಾಣದ ಕಡೆ ನಮ್ಮ ಸೋದರಮಾವನ ಊರಿನಲ್ಲೊಂದು ಹಳೇ ಮೆಟ್ಟಿಲುಬಾವಿ. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ಪಾವಟಿಗೆ. ಗೋಡೆಯಲ್ಲಿ ಎರಡು ಕಮಾನು, ಕಮಾನಿನ ಹಿಂದೆ ಒಂದೇ ಉದ್ದನೆ ಕೋಣೆ. ಬೇಸಿಗೆಯಲ್ಲಿ ಅಲ್ಲಿ ಕೂತು ಇಸ್ಪೀಟು ಆಡುತ್ತಿದ್ದೆವು. ಒಂದು ಕಮಾನಿನಿಂದ ಇನ್ನೊಂದಕ್ಕೆ ಎಣಿಸಿ ಆರು ಹೆಜ್ಜೆ.

ಆ ವರ್ಷ ಮಳೆ ಜೋರಾಗಿ ಕಮಾನುಗಳು ಎರಡಾಳು ನೀರಿನ ಕೆಳಗೆ ಹೋದವು. ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರಬೇಕು ಅಂತ ಪಂಥ. ಗೆದ್ದವನಿಗೆ ಒಂದು ಪ್ಲೇಟು ಸುಸಲಾ, ಎರಡು ಮಿರ್ಚಿ. ಈಸುವುದರಲ್ಲಿ ನನ್ನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಆರು ಹೆಜ್ಜೆ ತಾನೇ?

ಒಳಗೆ ಹೊಕ್ಕಾಗ ಬೆಳಕು ಹಸಿರಾಗಿತ್ತು. ಎರಡು ಸಲ ಕಾಲು ಬಡಿದೆ, ಕಂದಾಯಿತು. ಮೂರನೆಯದಕ್ಕೆ ಏನೂ ಇಲ್ಲ. ನೂರಾರು ವರ್ಷದ ರಾಡಿ ನನ್ನ ಕಾಲಿಗೇ ಎದ್ದಿತ್ತು. ಬಾವಿಯಲ್ಲಿ ಗಾಬರಿಯಾದರೆ ಮೇಲಕ್ಕೆ ಹೋಗಬೇಕೆನ್ನುವುದು ಮೈಗೆ ಗೊತ್ತು, ಮನಸ್ಸನ್ನು ಕೇಳುವುದಿಲ್ಲ. ಮೇಲಕ್ಕೆ ಹೋದೆ. ನೆತ್ತಿ ಗಚ್ಚಿನ ಚಾವಣಿಗೆ ಬಡಿಯಿತು. ತಿರುಗಿದೆ, ಯಾವ ಕಡೆ ತಿರುಗಿದೆನೆಂಬುದೇ ತಿಳಿಯಲಿಲ್ಲ. ಗೋಡೆ ತಡವುತ್ತ ಹೋದಾಗ ಒಂದು ಪೊಳ್ಳು ಸಿಕ್ಕಿತು. ಬಾಗಿಲು ಅಂತ ತಲೆ ತೂರಿಸಲು ಹೋದೆ. ಅದು ದೀಪದ ಗೂಡು. ಅಂಗೈ ಅಗಲದ್ದು. ಬೇಸಿಗೆಯಲ್ಲಿ ಮನೆಯವರಿಗೆ ಕಾಣದಂತೆ ಬೀಡಿಕಟ್ಟು ಬಚ್ಚಿಡುತ್ತಿದ್ದ ಗೂಡು. ಬೀಡಿಗೆ ಕೈ ಚಾಚುವಾಗ ಬೆಳಕು ಎಡಗಡೆಯಿಂದ ಬರುತ್ತಿದ್ದುದು ನೆನಪಾಯಿತು. ಎಡಕ್ಕೆ ಒಂದು ಮೊಳ ಸರಿದೆ, ಕಲ್ಲಿನ ಅಂಚು ಕೈಗೆ ಸಿಕ್ಕಿತು. ಹೊಕ್ಕ ಕಮಾನೇ ಅದು, ಇನ್ನೊಂದಲ್ಲ.

ಮೇಲೆ ಬಂದರೆ ಗೆಳೆಯರು ಕೇಕೆ ಹಾಕುತ್ತಿದ್ದಾರೆ. ಯಾವ ಕಮಾನಿನಿಂದ ಬಂದೆನೆಂದು ರಾಡಿಯಲ್ಲಿ ಯಾರಿಗೂ ಕಂಡಿರಲಿಲ್ಲ. ಸುಸಲಾ ತಿಂದೆ. ನೆತ್ತಿಯ ಗಾಯಕ್ಕೆ ಅರಿಸಿನ ಮೆತ್ತಿದ ಅತ್ತೆಗೆ ಪಾವಟಿಗೆಯಲ್ಲಿ ಜಾರಿದೆ ಅಂದೆ. ಈ ಮಾತನ್ನು ಮೂವತ್ತು ವರ್ಷ ಯಾರಿಗೂ ಹೇಳಿಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ನೀರುಗುಹೆಗಳು ಬಹಳ. ಅಲ್ಲಿನ ಗುಹೆಗಳ ಬಾಯಲ್ಲಿ ನೀರೊಳಗೇ ಸಾವಿನ ಚಿತ್ರದ ಫಲಕ ನೆಟ್ಟಿರುತ್ತಾರೆ. ಬಯಲು ನೀರಲ್ಲಿ ಮುಳುಗುವುದನ್ನು ಇತರರಿಗೆ ಕಲಿಸುವ ಗುರುಗಳೇ ಇಂಥ ಗುಹೆಗಳಲ್ಲಿ ಸತ್ತಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ. ಈಸು ಬಾರದವನು ಕಮಾನಿನ ಹತ್ತಿರವೇ ಹೋಗುವುದಿಲ್ಲ, ಬದುಕುತ್ತಾನೆ. ಈಸು ಬಲ್ಲವನಿಗೆ ಒಳಗೆ ಹೋಗುವ ತಾಕತ್ತಿರುತ್ತದೆ.

2. ಹಗ್ಗದ ಇನ್ನೊಂದು ತುದಿ ಎಲ್ಲಿದೆ ನೋಡಿಕೊಳ್ಳಿ

ಆ ಪೆಟ್ಟಿನ ಮೇಲೆ ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಯುವುದಿಲ್ಲ ಅಂತ ಶಪಥ ಮಾಡಿದೆ. ಅರ್ಧ ಬುದ್ಧಿ ಬಂದಿತ್ತು ಅನ್ನಿ. ಒಂದು ಹೊಲದಲ್ಲಿ ಫುಟ್‌ವಾಲಿಗೆ ಸಿಕ್ಕ ಸೀರೆ ತುಂಡು ಬಿಡಿಸಲು ಇಳಿದಿದ್ದೆ. ಮೇಲೆ ಹಗ್ಗ ಹಿಡಿದವನು ರೈತನ ಮಗ, ಹದಿಮೂರರ ಹುಡುಗ. ಕುರಿ ಶೇಂಗಾ ಹೊಲಕ್ಕೆ ನುಗ್ಗಿದವಂತೆ. ಹಗ್ಗವನ್ನು ಬಂಡಿಯ ಗಾಲಿಗೆ ಸುತ್ತಿ ಓಡಿದ. ಕೆಳಗೆ ಸಡಿಲಾದ ಹಗ್ಗ ಪೈಪಿಗೆ ಎರಡು ಸುತ್ತು ಹಾಕಿಕೊಂಡಿತು. ಎಳೆದೆ, ಬಿಗಿಯಾಯಿತು. ಇನ್ನಷ್ಟು ಎಳೆದೆ, ಇನ್ನಷ್ಟು ಬಿಗಿಯಾಯಿತು. ಉಡದಾರಕ್ಕೆ ಸಿಗಿಸಿದ್ದ ವೈಂಡಿಂಗ್ ಚಾಕು ಇರದಿದ್ದರೆ ಹಗ್ಗ ಕೊಯ್ಯಲು ಆಗುತ್ತಿರಲಿಲ್ಲ. ಆ ಚಾಕು ಅಲ್ಲಿದ್ದದ್ದು ಮರೆವಿನಿಂದ, ಅಂಗಡಿಯಲ್ಲಿ ಬಿಟ್ಟುಬರಬೇಕಿತ್ತು.

ಹಗ್ಗಕ್ಕೆ ಎರಡು ಕೆಲಸ, ಎರಡನ್ನೂ ಒಂದೆಂದು ತಿಳಿದದ್ದೇ ನನ್ನ ತಪ್ಪು. ಒಣ ಬಾವಿಗೆ ಇಳಿದವನಿಗೆ ಕಟ್ಟುವ ಹಗ್ಗ ಎತ್ತುವುದಕ್ಕೆ. ನೀರುಗುಹೆಯಲ್ಲಿ ಬಿಡುವ ದಾರ ದಾರಿಗೆ. ಅದನ್ನು ಮೈಗೆ ಕಟ್ಟುವುದೇ ಇಲ್ಲ. ಗುಹೆಯ ಹೊರಗೆ, ನೇರ ಮೇಲಕ್ಕೆ ಬರಬಹುದಾದ ಜಾಗದಲ್ಲಿ ಮೊದಲ ಗಂಟು. ಬಾಯಿಯ ಒಳಗೆ ಸ್ವಲ್ಪ ದೂರದಲ್ಲಿ ಎರಡನೆಯದು. ಅಲ್ಲಿಂದ ರಾಟೆಯಂಥ ಸುರುಳಿಯಿಂದ ಬಿಡುತ್ತ, ಎಲ್ಲೂ ಸಡಿಲಾಗದಂತೆ ಬಿಗಿಯುತ್ತ ಹೋಗುತ್ತಾರೆ. ಕಣ್ಣು ಕಾಣದಾದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ದಾರವನ್ನು ಅದರೊಳಗೆ ಹಾಯಿಸಿಕೊಂಡು ಹಿಂದಕ್ಕೆ ಬರುತ್ತಾರೆ. ದಾರಕ್ಕೆ ಸಿಗಿಸಿದ ಬಾಣದ ಗುರುತು ಯಾವಾಗಲೂ ಹೊರದಾರಿಯ ಕಡೆಗೇ ಮುಖ ಮಾಡಿರುತ್ತದೆ. ಕತ್ತಲಲ್ಲಿ ಕೈಯಿಂದ ಸವರಿದರೂ ತುದಿ ಯಾವ ಕಡೆಯೆಂದು ತಿಳಿಯುತ್ತದೆ. ನನ್ನ ಆ ಕೋಣೆಯಲ್ಲಿ ಅಂಥದ್ದೊಂದು ದಾರ ಇದ್ದಿದ್ದರೆ ಬೀಡಿ ಗೂಡಿನ ಋಣ ಬೇಕಿರಲಿಲ್ಲ.

ಹುಡುಗರನ್ನು ಕಲ್ಯಾಣಕ್ಕೆ ಕರೆದೊಯ್ದಾಗ ನುಲಿಯ ಚಂದಯ್ಯನ ಗವಿಗೆ ಹೋಗಿಬರುತ್ತೇವೆ. ಕೆರೆದಂಡೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ಶರಣ. ನನ್ನ ಹುಡುಗರಿಗೆ ಕಾಯಕದ ತತ್ವ ಎಷ್ಟು ತಲೆಗೆ ಹೋಗುತ್ತದೋ ತಿಳಿಯದು. ಹಗ್ಗವನ್ನು ದಾಟಿ ಹೋಗಬಾರದು, ತುಳಿಯಬಾರದು, ಒದ್ದೆ ಬಿಡಬಾರದು ಅನ್ನುವುದಕ್ಕೆ ಮಾತ್ರ ಅಲ್ಲಿ ಒಂದು ಭಯಭಕ್ತಿ ಹುಟ್ಟುತ್ತದೆ. ಅಷ್ಟು ಸಾಕು.

3. ಮೂರರಲ್ಲಿ ಒಂದು ಪಾಲು ಮಾತ್ರ ನಿನ್ನದು

ಫ್ಲೋರಿಡಾದ ಶೆಕ್ ಎಕ್ಸ್‌ಲಿ ಎಂಬ ಗಣಿತದ ಮೇಷ್ಟ್ರು ನೀರುಗುಹೆಯಲ್ಲಿ ಸತ್ತವರ ಒಂದೊಂದೇ ಪ್ರಕರಣ ಬಿಡಿಸಿ ನೋಡಿ 1979ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿದರು. ಹೊರಗಿನವರೆಗೆ ಕಡಿಯದ ದಾರ ಇರಲಿಲ್ಲ, ವಾಪಸಿಗೆ ಗಾಳಿ ಉಳಿಸಿರಲಿಲ್ಲ, ಆಳ ಮೀರಿದ್ದರು. ಸಾವುಗಳ ಹಿಂದೆ ಮತ್ತೆ ಮತ್ತೆ ಇವೇ ಸಿಕ್ಕವು. ಗಾಳಿಯ ಲೆಕ್ಕ ಸರಳ. ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟಬಾರದ್ದು. ಸಿಲಿಂಡರಿನಲ್ಲಿ 200 ಬಾರ್ ಇದ್ದರೆ ಹೆಚ್ಚುಕಡಿಮೆ 134 ಆದಾಗ ತಿರುಗಬೇಕು. ಮುಳ್ಳು ಇನ್ನೂ ಅರ್ಧಕ್ಕಿಂತ ಮೇಲಿರುತ್ತದೆ, ಗುಹೆ ಮುಂದೆ ಚೆಂದವಾಗಿರುತ್ತದೆ, ಆದರೂ ತಿರುಗಬೇಕು. ಮೂರನೆಯ ಪಾಲು ಯಾರದ್ದೆಂದು ಕೇಳಿದರೆ, ಜೊತೆಗಾರನದು. ಅವನ ಗಾಳಿ ಕೈಕೊಟ್ಟರೆ ಇಬ್ಬರೂ ನಿನ್ನ ಸಿಲಿಂಡರಿನಿಂದಲೇ ಹೊರಗೆ ಬರಬೇಕು.

ನೇತ್ರಾಣಿಯಲ್ಲಿ ನಾನು ಈ ಮುಳ್ಳನ್ನು ನೋಡಲೇ ಇಲ್ಲ. ನಲವತ್ತು ದಾಟಿದ ಗಂಡಸು, ಮೀನು ನೋಡುತ್ತ ಬಾಯಿಬಿಟ್ಟುಕೊಂಡು... ಇಲ್ಲ, ಬಾಯಲ್ಲಿ ನಳಿಗೆ ಇತ್ತು, ಕಣ್ಣು ಬಿಟ್ಟುಕೊಂಡು ಹೋದೆ. ಕಲಿಸುವವನು ನನ್ನ ಮೀಟರು ಹಿಡಿದು ಮುಖದ ಮುಂದೆ ಅಲ್ಲಾಡಿಸಿದ. ಎಲ್ಲ ಸರಿ ಇದೆ ಅಂತ ಹೆಬ್ಬೆರಳು ಎತ್ತಿ ತೋರಿಸಿದೆ. ನೀರೊಳಗೆ ಹೆಬ್ಬೆರಳು ಎತ್ತುವುದೆಂದರೆ ಮುಗಿಯಿತು, ಮೇಲೆ ಹೋಗೋಣ ಎಂದರ್ಥ. ಎಲ್ಲರನ್ನೂ ಮೇಲೆ ಕರೆತಂದ. ದೋಣಿಯಲ್ಲಿ ಬೆಂಗಳೂರಿನ ನಾಲ್ಕು ಮಂದಿ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಸಿಲಿಂಡರು ಇಲ್ಲದೆ ಮಾಡಿದ್ದು. ಉಸಿರು ಕಟ್ಟಿ ಹೆಚ್ಚು ಹೊತ್ತು ಇರಲು, ಮುಳುಗುವ ಮೊದಲು ಇಪ್ಪತ್ತು ಮೂವತ್ತು ಸಲ ಬುಸುಬುಸು ಉಸಿರಾಡಿಕೊಳ್ಳಿ ಅಂತ ಹುಡುಗರಿಗೆ ಹೇಳಿಕೊಡುತ್ತಿದ್ದೆ. ನನಗೆ ಹಿರಿಯರು ಹೇಳಿಕೊಟ್ಟದ್ದೂ ಅದೇ. ಉಸಿರು ಬೇಕೆಂದು ಮೈ ಒದ್ದಾಡುವುದು ಆಮ್ಲಜನಕ ಕಡಿಮೆಯಾದದ್ದಕ್ಕೆ ಅಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ. ಬುಸುಬುಸು ಉಸಿರಾಡಿದರೆ ಆ ಗಾಳಿ ಹೊರಗೆ ಹೋಗುತ್ತದೆ, ಒಳಗೆ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಮನೆಯ ಗಂಟೆಯ ತಂತಿ ಕಿತ್ತು, ಕಳ್ಳ ಬರಲಿಲ್ಲ ಅಂದುಕೊಂಡ ಹಾಗೆ. ಒಂದು ಮಧ್ಯಾಹ್ನ ಹದಿನಾಲ್ಕರ ಹುಡುಗ ತಳದ ಕಲ್ಲು ಮುಟ್ಟಿ, ನಗುತ್ತಲೇ ಮೇಲೆ ಬಂದ. ಇನ್ನು ಎರಡು ಮೊಳ ಇದ್ದಾಗ ನಗು ಹಾಗೇ ಇತ್ತು, ಕೈಕಾಲು ನಿಂತಿದ್ದವು. ಕೂದಲು ಹಿಡಿದು ಎಳೆದೆ. ಕೆನ್ನೆ ತಟ್ಟಿದ ಮೇಲೆ ಕೆಮ್ಮಿದ. ಏನಾಯಿತೆಂದು ಅವನಿಗೇ ನೆನಪಿಲ್ಲ. ಆ ಪಾಠವನ್ನು ಅವತ್ತೇ ಬಿಟ್ಟೆ. ಯಾರು ಎಷ್ಟು ಹೊತ್ತು ಇರುತ್ತಾರೆ ಅನ್ನುವ ಪಂಥವನ್ನೂ ಬಿಡಿಸಿದೆ.

4. ಮೇಣದಬತ್ತಿ ಆರಲಿಲ್ಲ ಅಂದಮಾತ್ರಕ್ಕೆ ಗಾಳಿ ಒಳ್ಳೆಯದಲ್ಲ

ಬೀದರಿನ ನೌಬಾದ್ ಕಾರೇಜು ಬಹಮನಿಯರ ಕಾಲದ್ದು, 15ನೇ ಶತಮಾನ. ಮೇಲೆ ಕೆಂಪು ಮುರುಮಿನ ಕಲ್ಲು, ಕೆಳಗೆ ಕರಿಕಲ್ಲು. ಮಳೆನೀರು ಮುರುಮಿನಲ್ಲಿ ಇಂಗಿ ಕರಿಕಲ್ಲಿನ ಮೇಲೆ ಬಂದು ನಿಲ್ಲುತ್ತದೆ. ಆ ಸಂದಿಗೆ ಸರಿಯಾಗಿ ಸುರಂಗ ಕೊರೆದು, ಇಳಿಜಾರಿನಲ್ಲೇ ನೀರು ಹರಿಸಿದ್ದಾರೆ. ಪರ್ಷಿಯಾದ ವಿದ್ಯೆ. ಉದ್ದಕ್ಕೂ 20ಕ್ಕೂ ಹೆಚ್ಚು ಗಾಳಿಬಾವಿಗಳು. 2015ರ ಸುಮಾರಿಗೆ ಜಿಲ್ಲಾಡಳಿತ ಹೂಳೆತ್ತಿಸುವಾಗ ನೋಡಲು ಹೋಗಿದ್ದೆ. ಆ ಗಾಳಿಬಾವಿಗಳು ಮಣ್ಣು ಎತ್ತಲು ತೋಡಿದವು ಅಷ್ಟೇ ಅಂದುಕೊಂಡಿದ್ದೆ. ಒಂದರ ಕೆಳಗೆ ನಿಂತಾಗ ಮುಖಕ್ಕೆ ತಂಪು ಬಡಿಯಿತು. ಮುಂದಿನದು ಹೂತುಹೋಗಿತ್ತು, ಅಲ್ಲಿ ಇಪ್ಪತ್ತು ಹೆಜ್ಜೆಗೇ ತಲೆ ಭಾರವಾಯಿತು. ಐನೂರು ವರ್ಷದ ಹಿಂದಿನ ಕೆಲಸಗಾರನಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲು ತಲೆನೋವು ಬರಬೇಕಾಯಿತು.

ಕಾಸರಗೋಡಿನ ಕಡೆ ಗುಡ್ಡದಲ್ಲಿ ನೀರಿನ ಸುರಂಗ ತೋಡುವವರು ಮೇಣದಬತ್ತಿ ಹಚ್ಚಿಕೊಂಡು ಹೋಗುತ್ತಾರೆ, ಬತ್ತಿ ಆರಿದರೆ ಹೊರಗೆ ಬರುತ್ತಾರೆ. ನಮ್ಮಲ್ಲೂ ಬಾವಿಗೆ ಕಂದೀಲು ಇಳಿಸಿ ನೋಡುವ ರೂಢಿ ಇದೆ. ಒಳ್ಳೆಯದೇ, ಆದರೆ ಅದನ್ನೇ ಪೂರ್ತಿ ನಂಬಬಾರದು. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಇರಬೇಕು. ದೀಪ ಆರುವುದು 16ರ ಹತ್ತಿರಕ್ಕೆ ಬಂದಾಗ. ಅಷ್ಟರಲ್ಲಿ ಮನುಷ್ಯನ ಬುದ್ಧಿ ಮಂಕಾಗಿರುತ್ತದೆ. ಥಾಮ್ ಲುವಾಂಗಿನ ಹುಡುಗರಿದ್ದ ಕೋಣೆಯಲ್ಲಿ 15ಕ್ಕೆ ಇಳಿದದ್ದು ಗೊತ್ತಾದ ಮೇಲೇ ಹೊರತರುವ ಅವಸರ ಹೆಚ್ಚಾದದ್ದು. ಡೀಸೆಲ್ ಎಂಜಿನನ್ನು ಬಾವಿಯೊಳಗಿನ ಕಟ್ಟೆಯ ಮೇಲಿಟ್ಟು ನಡೆಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಲ್ಲಿ ಕಂದೀಲು ಚೆನ್ನಾಗಿಯೇ ಉರಿಯುತ್ತಿರುತ್ತದೆ.

ನಾನು ಹಾಗೆ ಎಂಜಿನು ನಡೆಸಿದ ಬಾವಿಗೆ ಎಂಜಿನು ಬಂದ್ ಮಾಡಿ ಹತ್ತು ನಿಮಿಷಕ್ಕೆ ಇಳಿದಿದ್ದೇನೆ. ಅರ್ಧ ಏಣಿಗೆ ಮೊಣಕಾಲು ನನ್ನದಲ್ಲವೆನಿಸಿತು. ಮೇಲಿದ್ದವರು ಹಗ್ಗ ಎಳೆದರು, ಅವತ್ತು ಹಗ್ಗ ಎಳೆಯುವ ಹಗ್ಗವೇ ಆಗಿತ್ತು. ಮುಳುಗಿದ ಕಮಾನಿನ ಚಾವಣಿಯಲ್ಲಿ ಉಳಿದಿರುವ ಗಾಳಿಗುಳ್ಳೆಯೂ ಹೀಗೇ. ಮುಖ ಎತ್ತಿ ಉಸಿರೆಳೆಯಲು ಆಸೆಯಾಗುತ್ತದೆ. ಅದು ಎಷ್ಟು ದಿನದ ಹಳಸಲು ಗಾಳಿ, ಏನು ಕೊಳೆತಿದೆ, ಯಾರಿಗೆ ಗೊತ್ತು?

5. ಫ್ಯೂಸು ನಿನ್ನ ಕಿಸೆಯಲ್ಲಿರಲಿ

ಇದು ಗುಹೆಯವರ ಪುಸ್ತಕದಲ್ಲಿಲ್ಲ, ನಮ್ಮ ಪುಸ್ತಕಕ್ಕೆ ಸೇರಿಸಬೇಕು. ಹೊಲದ ಮೋಟಾರುಗಳಿಗೆಲ್ಲ ಈಗ ಆಟೋ ಸ್ಟಾರ್ಟರು. ರಾತ್ರಿ ಎಷ್ಟೊತ್ತಿಗೆ ಕರೆಂಟು ಬಂದರೂ ರೈತ ಏಳಬೇಕಿಲ್ಲ, ಮೋಟಾರು ತಾನೇ ಶುರುವಾಗುತ್ತದೆ. ಆ ಪೆಟ್ಟಿಗೆಗಳನ್ನು ಕೂಡಿಸಿಕೊಟ್ಟವನು ನಾನೇ, ನೂರಾರು. ಹಾಗೆ ನಾನೇ ಕೂಡಿಸಿದ ಒಂದು ಬಾವಿಯಲ್ಲಿ ಫುಟ್‌ವಾಲಿನ ಜಾಳಿಗೆಯೊಳಗೆ ನನ್ನ ಬೆರಳಿತ್ತು. ಕರೆಂಟು ಹೋಗಿತ್ತು, ಹಾಗಾಗಿ ಚಿಂತೆ ಇರಲಿಲ್ಲ. ಬಂತು. ಪೈಪು ಗುಂಯ್ ಅಂದದ್ದು ಮೈಗೆ ಕೇಳಿಸಿತು, ಅಂಗೈ ಜಾಳಿಗೆಗೆ ಕಚ್ಚಿಕೊಂಡಿತು. ಮೇಲೆ ಯಾರೋ ಪುಣ್ಯಾತ್ಮರು ಕೂಡಲೇ ಬಂದ್ ಮಾಡಿದರು. ತಂತಿಯ ಜೋಡಣೆ ಎಲ್ಲಾದರೂ ಬಿಚ್ಚಿದ್ದಿದ್ದರೆ ಬೆರಳಿನ ಮಾತೇ ಬರುತ್ತಿರಲಿಲ್ಲ.

ಈಗ ಮೂರೂ ಫ್ಯೂಸಿನ ಕಿಟ್‌ಕ್ಯಾಟು ಕಿತ್ತು ಚಡ್ಡಿಯ ಕಿಸೆಗೆ ಹಾಕಿ, ಗುಂಡಿ ಹಾಕಿಕೊಂಡು ಇಳಿಯುತ್ತೇನೆ. ನೀರಲ್ಲಿ ತೊಡೆಗೆ ಪಿಂಗಾಣಿ ತಗುಲುತ್ತಿದ್ದರೆ ನೆಮ್ಮದಿ. ಫ್ಯೂಸು ಒದ್ದೆ ಮಾಡಿದ್ದಕ್ಕೆ ಬೈದ ರೈತರೂ ಇದ್ದಾರೆ.

6. ಒಂದು ಬ್ಯಾಟರಿ ಅಂದರೆ ಬ್ಯಾಟರಿಯೇ ಇಲ್ಲ

ಗುಹೆಗೆ ಹೋಗುವ ಒಬ್ಬೊಬ್ಬನ ಹತ್ತಿರವೂ ಮೂರು ದೀಪ ಇರಬೇಕು. ಮೂರರಲ್ಲಿ ಒಂದು ಕೆಟ್ಟರೂ ಆವತ್ತಿಗೆ ವಾಪಸು. ಬೀದರಿನ ಸುರಂಗಕ್ಕೆ ನಾನು ಮೊಬೈಲಿನ ಬೆಳಕು ನೆಚ್ಚಿ ಹೋದವನು. ಹನ್ನೊಂದು ಪರ್ಸೆಂಟು ಚಾರ್ಜಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನಾಚಿಕೆಯಾಗುತ್ತದೆ.

7. ಬೆಳಕು ಕಾಣುವ ತನಕ, ಅಷ್ಟೇ

ಗುಹೆ ಮುಳುಗು ಕಲಿಯುವವರನ್ನು ಮೊದಲ ಮೆಟ್ಟಿಲಲ್ಲಿ ಎಲ್ಲಿಯವರೆಗೆ ಬಿಡುತ್ತಾರೆ ಗೊತ್ತೆ? ತಿರುಗಿ ನೋಡಿದರೆ ಬಾಯಿಯ ಹಗಲು ಬೆಳಕು ಕಾಣಬೇಕು. ಇಳಿದ ಆಳವೂ ಒಳಹೋದ ದೂರವೂ ಸೇರಿ ನೀರಿನ ಮೇಲ್ಮೈಯಿಂದ 130 ಅಡಿ ದಾಟಬಾರದು. ಇಕ್ಕಟ್ಟು ಸಂದಿಗೆ ಹೋಗುವಂತಿಲ್ಲ. ಬಯಲು ನೀರಿನಲ್ಲಿ ಪಳಗಿ ಬಂದವರಿಗೇ ಇಷ್ಟು. ಮುಂದಿನ ಮೆಟ್ಟಿಲಿನಲ್ಲಿ ಕತ್ತಲಿಗೆ ಬಿಟ್ಟರೂ ಒಂದೇ ದಾರ, ನೇರ ಹೋಗಿ ನೇರ ಬರಬೇಕು, ಕವಲುದಾರಿ ಹಿಡಿಯುವಂತಿಲ್ಲ. ಕಾಲು ಬಡಿಯುವುದನ್ನೇ ಹೊಸದಾಗಿ ಕಲಿಸುತ್ತಾರೆ, ಕೆಳಗೆ ರಾಡಿ ಏಳದಂತೆ ಕಪ್ಪೆಯ ಹಾಗೆ ಮೊಣಕಾಲು ಮಡಿಸಿ ಹಿಂದಕ್ಕೆ ತಳ್ಳುವುದು. ಕಣ್ಣು ಕಟ್ಟಿ, ಮೊದಲು ನೆಲದ ಮೇಲೆ ಮರಗಳ ನಡುವೆ ದಾರ ಹಿಡಿದು ನಡೆಸುತ್ತಾರೆ.

ಇದನ್ನು ಓದಿದ ಮೇಲೆ ನನ್ನ ಹುಡುಗರಿಗೂ ಶಾಲೆಯ ಹಿಂದಿನ ಬೇವಿನ ಮರಗಳಿಗೆ ಸುತಳಿ ಸುತ್ತಿ, ಟವೆಲಿನಿಂದ ಕಣ್ಣು ಕಟ್ಟಿ ಬಿಟ್ಟೆ. ಮೂರು ಮರ ದಾಟುವಷ್ಟರಲ್ಲಿ ಒಬ್ಬ ಸುತಳಿ ಬಿಟ್ಟು ಗೋಡೆಗೆ ಹಾಯ್ದ, ಇಬ್ಬರು ಜಗಳಕ್ಕೆ ಬಿದ್ದರು. ನಾನು ಕಟ್ಟಿಕೊಂಡು ಹೋಗಿ ಎಮ್ಮೆಗೆ ಹಾಯ್ದೆ. ಒಣ ನೆಲದ ಮೇಲೆ, ಉಸಿರು ಬೇಕಾದಷ್ಟಿರುವಾಗ ಇದು ನಮ್ಮ ಪಾಡು.

ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ ಮಕ್ಕಳಿಗೆ ಮುಳುಗು ಕಲಿಸಿ ಹೊರತರುವ ಮಾತು ಮೊದಲು ನಡೆದಿತ್ತು, ಆಮೇಲೆ ಕೈಬಿಟ್ಟರು. ಗಾಬರಿಯಾದ ಒಬ್ಬ ಹುಡುಗ ತನ್ನನ್ನೂ ಕರೆತರುವವನನ್ನೂ ಮುಗಿಸಿಬಿಡುತ್ತಾನೆ. ಆಸ್ಟ್ರೇಲಿಯಾದ ರಿಚರ್ಡ್ ಹ್ಯಾರಿಸ್ ಅರಿವಳಿಕೆ ವೈದ್ಯರೂ ಹೌದು, ಗುಹೆ ಮುಳುಗುಗಾರರೂ ಹೌದು. ಅವರು ಮಕ್ಕಳಿಗೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿದರು, ಪೂರ್ತಿ ಮುಖ ಮುಚ್ಚುವ ಮಾಸ್ಕು ಹಾಕಿ ಗಂಟು ಸಾಗಿಸಿದಂತೆ ಸಾಗಿಸಿದರು. ಜುಲೈ 8, 9, 10, ಮೂರು ದಿನ. ಲೋಕದ ಪಳಗಿದ ಕೈಗಳೆಲ್ಲ ಅಲ್ಲಿ ಸೇರಿದ್ದವು, ಆದರೂ ವಾರದಲ್ಲಿ ಈ ವಿದ್ಯೆ ಕಲಿಸಲಾಗದೆಂದು ಒಪ್ಪಿಕೊಂಡವು. ನಾನು ಭಾನುವಾರದ ಎರಡು ತಾಸಿನಲ್ಲಿ ಕಲಿಸಲೇ?

ಆದ್ದರಿಂದ ನಮ್ಮ ಗೆರೆ ಇನ್ನೂ ಹಿಂದಿದೆ. ಕಮಾನಿನ ಹಣೆಕಲ್ಲನ್ನು ಹೊರಗಿನಿಂದ ಮುಟ್ಟಿ ಬರಬಹುದು. ತಲೆ ಒಳಗೆ ಹೋಗಕೂಡದು. ನನ್ನದೂ. ಹುಡುಗರಿಗೆ ಝರಣಿ ನರಸಿಂಹನ ಗುಹೆ ತೋರಿಸಿ ಸಮಾಧಾನ ಮಾಡುತ್ತೇನೆ. ಸುಮಾರು 300 ಅಡಿ ಸುರಂಗ, ಎದೆಮಟ್ಟ ನೀರು, ಚಾವಣಿಗೆ ಬಾವಲಿ. ವಿದ್ಯುತ್ ದೀಪವಿದೆ, ಮುಖ ನೀರಿನ ಮೇಲೇ ಇರುತ್ತದೆ. ಅಷ್ಟಿದ್ದೂ ನಡುವೆ ಒಮ್ಮೆ ದೀಪ ಮಿನುಗಿದಾಗ ಹಿಂದಿನವರೆಲ್ಲ ಮುಂದಿನವರ ಹೆಗಲು ಹಿಡಿದರು. ನನ್ನ ಹೆಗಲ ಮೇಲಿನ ಉಗುರಿನ ಗುರುತು ಎರಡು ದಿನ ಇತ್ತು.

8. ಕಾಪಾಡಲು ಹಾರಿದವನೇ ಎರಡನೆಯ ಹೆಣವಾಗಬಾರದು

ಕೆಳಗೆ ಒಬ್ಬ ಬಿದ್ದಿದ್ದಾನೆ, ಅಣ್ಣ ಹಾರುತ್ತಾನೆ, ಅಣ್ಣನ ಹಿಂದೆ ಅಪ್ಪ. ವಿಷಗಾಳಿಯ ಬಾವಿಗಳ ಸುದ್ದಿ ಯಾವಾಗಲೂ ಹೀಗೇ. ಅಮೆರಿಕದ ಕಾರ್ಮಿಕ ಸುರಕ್ಷೆಯ ಸಂಸ್ಥೆ ನಯೋಶ್ 1986ರಲ್ಲೇ ಲೆಕ್ಕ ಹಾಕಿತ್ತು, ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ಥಾಮ್ ಲುವಾಂಗಿನಲ್ಲಿ ಸತ್ತವರೂ ಮಕ್ಕಳಲ್ಲ. ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಗುನಾನ್ ಒಳಗೆ ಸಿಲಿಂಡರು ಇಟ್ಟು ಮರಳುವಾಗ ಜುಲೈ 6ರಂದು ತೀರಿಕೊಂಡರು.

ನಾನೂ ಒಮ್ಮೆ ಊರ ಮಂದಿ "ನೀ ಇದ್ದೂ ಹಿಂಗಾತಲ್ಲೋ" ಅಂದದ್ದಕ್ಕೆ, ಮುಳುಗಿ ಎರಡು ತಾಸಾದವನನ್ನು ತೆಗೆಯಲು ಹಗ್ಗವಿಲ್ಲದೆ ಕತ್ತಲಲ್ಲಿ ಹಾರಿದ್ದೇನೆ. ಯಾರಿಗೂ ಉಪಯೋಗವಾಗಲಿಲ್ಲ. ಅಗ್ನಿಶಾಮಕದವರು ಬಂದು ಪಾತಾಳಗರಡಿ ಹಾಕಿ ಕಾಲು ತಾಸಿನಲ್ಲಿ ತೆಗೆದರು. ಬಾವಿಗೆ ಬಿದ್ದ ಕೊಡಕ್ಕೆ ಮೊದಲು ಗರಡಿ ಹುಡುಕುವ ನಾವು, ಮನುಷ್ಯ ಬಿದ್ದರೆ ಮಾತ್ರ ಇನ್ನೊಬ್ಬ ಮನುಷ್ಯನನ್ನೇ ಎಸೆಯುತ್ತೇವೆ. ಈಗ ಮೊದಲು 112ಕ್ಕೆ ಫೋನು. ಆಮೇಲೆ ಹಗ್ಗ, ಏಣಿ, ತೇಲುವ ಡಬ್ಬಿ, ಮೇಲಿನಿಂದ ಏನೇನು ಇಳಿಬಿಡಬಹುದೋ ಎಲ್ಲ. ಹೇಡಿ ಅನ್ನಿಸಿಕೊಂಡಿದ್ದೇನೆ, ಎರಡು ಸಲ.

9. ಬೇಡ ಅಂದವನಿಗೆ ಕಾರಣ ಕೇಳಬಾರದು

ಗುಹೆ ಮುಳುಗುಗಾರರಲ್ಲಿ ಒಂದು ಕಟ್ಟಳೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಹೆಬ್ಬೆರಳು ಎತ್ತಬಹುದು. ಎತ್ತಿದರೆ ಎಲ್ಲರೂ ವಾಪಸು. ಮೇಲೆ ಬಂದ ಮೇಲೂ ಯಾಕೆಂದು ಕೆಣಕುವಂತಿಲ್ಲ. ನಾನಿದನ್ನು ಬಹಳ ವರ್ಷ ತಿರುಗಾಮುರುಗಾ ಮಾಡಿದೆ. ಕಟ್ಟೆಯ ಮೇಲೆ ನಡುಗುತ್ತ ನಿಂತ ಹುಡುಗನನ್ನು ಹಿಂದಿನಿಂದ ತಳ್ಳಿ, "ಬಿದ್ದ ಮ್ಯಾಲೇ ಈಸು ಬರ್ತದ" ಅನ್ನುತ್ತಿದ್ದೆ. ಹಾಗೆ ತಳ್ಳಿಸಿಕೊಂಡ ಒಬ್ಬ ಈಗ ಪುಣೆಯಲ್ಲಿ ಎಂಜಿನಿಯರು. ಹೋದ ವರ್ಷ ವೀರಭದ್ರೇಶ್ವರನ ಜಾತ್ರೆಗೆ ಬಂದಾಗ ಮಗಳಿಗೆ ಈಸು ಕಲಿಸೋಣೇನೋ ಅಂದೆ. "ಬ್ಯಾಡ್ರಿ ಮಾಮಾ, ಅಲ್ಲೇ ಪೂಲಿನ್ಯಾಗ ಕಲೀತಾಳ" ಅಂದ. ನಗುತ್ತಲೇ ಅಂದ. ನನಗೆ ಕಾರಣ ಕೇಳಬೇಕಾಗಿಯೂ ಇರಲಿಲ್ಲ.

ದಾರದ, ಗಾಳಿಯ ನಿಯಮ ಬರೆದ ಎಕ್ಸ್‌ಲಿಯೇ 1994ರ ಏಪ್ರಿಲಿನಲ್ಲಿ ಮೆಕ್ಸಿಕೊದ ಸಕಾಟೊನ್ ಎಂಬ ನೀರುಕುಳಿಯ ಆಳದಲ್ಲಿ ತೀರಿಕೊಂಡರು. ನಾನು ಕಮಾನಿನೊಳಗೆ ತಲೆ ಬಡಿಸಿಕೊಂಡದ್ದೂ ಅದೇ ವರ್ಷದ ಮಳೆಗಾಲದಲ್ಲಿ. ಹುಡುಗರಿಗೆ ಎಕ್ಸ್‌ಲಿಯ ಸಾವಿನ ಸುದ್ದಿ ಹೇಳಿದಾಗ, "ಅಷ್ಟ್ ಗೊತ್ತಿದ್ದವರೂ ಹೋದ್ರಾ" ಅಂತ ಸುಮ್ಮನಾದರು.

ಹೋದ ದಸರಾ ರಜೆಯಲ್ಲಿ ಅದೇ ಬಾವಿಗೆ ಕರೆದೊಯ್ದಿದ್ದೆ. ನೀರು ಕಮಾನಿನ ಮೇಲೆ ಒಂದಾಳು ನಿಂತಿತ್ತು. ಪಾವಟಿಗೆಯ ಕಲ್ಲಿಗೆ ಗಂಟು ಹಾಕಿ, ಹಣೆಕಲ್ಲಿನ ಪಕ್ಕದ ಕಬ್ಬಿಣದ ಬಳೆಯವರೆಗೆ ಹಗ್ಗ ಬಿಗಿದೆ. ಒಬ್ಬೊಬ್ಬರಾಗಿ ಹಗ್ಗ ಹಿಡಿದು ಇಳಿದು, ಕಲ್ಲು ಮುಟ್ಟಿ ಬಂದರು. ನಾಲ್ಕನೆಯವನು ಗುಂಪಿನಲ್ಲೆಲ್ಲ ಗಟ್ಟಿ ಈಸುಗಾರ, ಮೊಬೈಲ್ ಹಿಡಿದು ಗುಹೆ ಡೈವಿಂಗ್ ಕೇಳಿದ್ದ ಹುಡುಗನ ತಮ್ಮ. ಅರ್ಧಕ್ಕೆ ಹೋಗಿ, ಕಪ್ಪಗೆ ಬಾಯಿಬಿಟ್ಟಿದ್ದ ಕಮಾನು ನೋಡಿ ನಿಂತ. ಹೆಬ್ಬೆರಳು ಎತ್ತಿದ. ಯಾರೋ ಮೇಲಿನಿಂದ ಸಿಳ್ಳೆ ಹಾಕಿದರು, ನಾನು ಆ ಕಡೆ ತಿರುಗಿ ನೋಡಿದ್ದಕ್ಕೆ ಸಿಳ್ಳೆ ನಿಂತಿತು. ಎಲ್ಲರೂ ಮೇಲೆ ಬಂದೆವು. ಹಗ್ಗ ಸುತ್ತಿ ಬಿಸಿಲಿಗೆ ಹಾಕಿದೆವು.

ಮಿರ್ಚಿ ತಿನ್ನುತ್ತ ಅವನೇ ಕೇಳಿದ: "ಕಾಕಾ, ಒಳಗ ಎಷ್ಟು ದೂರ ಅದರಿ?"

"ಆರು ಹೆಜ್ಜಿ."

ನೀರು ನೋಡುತ್ತ ಸ್ವಲ್ಪ ಹೊತ್ತು ಕೂತ. "ಬ್ಯಾಸಗ್ಯಾಗ ನಡಕೋತ ಹೋಗಮು ತಗೋರಿ" ಅಂದ.